ಅನ್ನ, ಔಷಧ, ಅಭಯ: ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ

ಚನ್ನಗಿರಿ ತಾಲ್ಲೂಕೂ ಪಕ್ಕದ ಹೊನ್ನಾಳಿ ಸೀಮೆಯೂ 1997ರ ಆಗಸ್ಟ್‌ವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳು ಶಿವಮೊಗ್ಗ, ಶಿಕಾರಿಪುರ ತಾಲ್ಲೂಕುಗಳ ಶಾಸನಗಳೊಂದಿಗೇ ಇವೆ. ದಿಕ್ಕಿಲ್ಲದವರಿಗೆ ನೆರಳಾದ ಧರ್ಮಸಂಸ್ಥೆಗಳ ಚರಿತ್ರೆಯನ್ನು ಈ ಸೀಮೆಯಲ್ಲಿ ಅರಸುವವರು ಮೊದಲು ನೋಡಬೇಕಾದದ್ದು ಅದೇ ಸಂಪುಟದ ಶಿಕಾರಿಪುರ 102ನೆಯ ಶಾಸನವನ್ನು. ಅದು ಕಳಚುರಿ ಬಿಜ್ಜಳನ ಕಾಲದ್ದು. ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುತ್ತದೆ. ದಕ್ಷಿಣಕೇದಾರೇಶ್ವರನ ಸನ್ನಿಧಿಯ ಈ ಕಾಳಾಮುಖ ಮಠಕ್ಕೆ ಆಗ ವಾಮಶಕ್ತಿ ಪಂಡಿತದೇವ ಆಚಾರ್ಯನಾಗಿದ್ದ.

ಶಾಸನವು ಮಠದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತದೆ. ಮೊದಲನೆಯದು ವಿದ್ಯೆ: ಪಾಣಿನಿ, ಶಾಕಟಾಯನರ ವ್ಯಾಕರಣಗಳು, ನ್ಯಾಯ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಕಾವ್ಯ, ನಾಟಕ. ಎರಡನೆಯದು ಅನ್ನದಾನ. ಉಣ್ಣುವವರ ಪಟ್ಟಿಯಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇದ್ದಾರೆ; ಹಾಡುವವರು, ವಾದ್ಯ ನುಡಿಸುವವರು, ನರ್ತಕರು ಇದ್ದಾರೆ; ಏಕದಂಡಿ, ತ್ರಿದಂಡಿಗಳೊಂದಿಗೆ ಜೈನ ಕ್ಷಪಣಕರೂ ಇದ್ದಾರೆ. ಮೂರನೆಯದು ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ. ನಾಲ್ಕನೆಯದು ಸಕಲ ಜೀವಿಗಳಿಗೂ ಅಭಯ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಶೈವಮಠದ ಅನ್ನಕ್ಕೆ ಮತಭೇದದ ತಡೆ ಇರಲಿಲ್ಲ. ಪರಮತದ ಯತಿಗಳನ್ನು ಹೆಸರಿಸಿಯೇ ಸೇರಿಸಲಾಗಿದೆ. ಊರಿನ ಎಲ್ಲೆಯೂ ಅಡ್ಡ ಬರುವುದಿಲ್ಲ. ನಾನಾ ದೇಶಗಳಿಂದ ಬಂದ ಭಿಕ್ಷುಕರೂ ಅಲ್ಲಿ ಉಣ್ಣಬಹುದಿತ್ತು.

ಇಂಗ್ಲೆಂಡಿನ ಯೂವೆಲ್ಮ್ ಹಳ್ಳಿಯಲ್ಲಿ 1437ರಲ್ಲಿ ಸ್ಥಾಪನೆಯಾದ ಧರ್ಮನಿವಾಸದೊಡನೆ ಹೋಲಿಸಿದರೆ ಇದರ ವೈಶಿಷ್ಟ್ಯ ತಿಳಿಯುತ್ತದೆ. ಅದು 13 ಮಂದಿ ಬಡವರಿಗೆ ಮೀಸಲಾಗಿತ್ತು. ಅವರಿಗೆ ಕಾಯಂ ವಸತಿ, ಪ್ರತಿಯಾಗಿ ದಾನಿಗಳ ಆತ್ಮಕ್ಕಾಗಿ ಪ್ರಾರ್ಥಿಸುವ ಕರ್ತವ್ಯ ಇದ್ದವು. ಕೆಲವರಿಗೆ ಜೀವನಪೂರ್ತಿ ಭದ್ರತೆ ಅಲ್ಲಿಯ ಗುಣವಾದರೆ, ಬಂದವರಿಗೆಲ್ಲ ಬಾಗಿಲು ತೆರೆದಿಡುವುದು ಇಲ್ಲಿಯ ಗುಣ. ಎರಡಕ್ಕೂ ಆಧಾರ ಒಂದೇ, ದಾನವಾಗಿ ಬಂದ ಭೂಮಿಯ ಉತ್ಪತ್ತಿ.

ಶಾಸನದ ಈ ಭಾಗ ಪ್ರಶಸ್ತಿಯ ಧಾಟಿಯಲ್ಲಿದೆ ಎಂಬುದನ್ನು ಮರೆಯಬಾರದು. ದಿನಕ್ಕೆ ಎಷ್ಟು ಜನ ಉಂಡರು, ಎಷ್ಟು ರೋಗಿಗಳು ಗುಣವಾದರು ಎಂಬ ಲೆಕ್ಕವನ್ನು ಅದರಿಂದ ತೆಗೆಯಲಾಗದು. ಆದರೆ ಒಂದು ಮಠವನ್ನು ಹೊಗಳಬೇಕಾದಾಗ ಅಲ್ಲಿಯ ಪಾಂಡಿತ್ಯದ ಜೊತೆಗೇ ಕುರುಡರ ಊಟವನ್ನೂ ರೋಗಿಗಳ ಆರೈಕೆಯನ್ನೂ ಕಲ್ಲಿನಲ್ಲಿ ಬರೆಸಿದರು. ಧರ್ಮಸಂಸ್ಥೆಯಿಂದ ಆ ಕಾಲದ ಸಮಾಜ ಏನನ್ನು ನಿರೀಕ್ಷಿಸುತ್ತಿತ್ತು ಎಂಬುದಕ್ಕೆ ಇದು ಗಟ್ಟಿ ಸಾಕ್ಷ್ಯ.

ಕೋಡಿಮಠವನ್ನು ಕಾಳಾಮುಖ ಪಂಥದ ಚರಿತ್ರೆಗೆ ಮಾತ್ರ ಸೀಮಿತಗೊಳಿಸುವುದು ಸರಿಯಲ್ಲ. ಕನ್ನಡ ನಾಡಿನ ಅನಾಥಾಶ್ರಯಗಳ ಚರಿತ್ರೆಯಲ್ಲೂ ಅದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ಶಾಸನಗಳನ್ನು ಓದುವ ಕಿರಿಯ ಸಂಶೋಧಕರು ಅರಸರ ವಂಶಾವಳಿಗೆ ನಿಲ್ಲದೆ ದಾನದ ಉದ್ದೇಶ ಹೇಳುವ ಸಾಲುಗಳನ್ನೂ ಗುರುತು ಹಾಕಿಕೊಳ್ಳಲಿ.