ಒಂದೇ ಪಾತ್ರೆಯ ಸುತ್ತ

ಚಳಿಗಾಲದ ಸಂಜೆ ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಊಟದ ಮೇಜಿನ ನಡುವೆ ಪುಟ್ಟ ಒಲೆ ಹೊತ್ತಿಕೊಳ್ಳುತ್ತದೆ. ಅದರ ಮೇಲೆ ದಪ್ಪ ತಳದ ಮಣ್ಣಿನ ಪಾತ್ರೆ, ಒಳಗೆ ಬಿಳಿ ವೈನಿನಲ್ಲಿ ಕರಗಿ ಗುಳುಗುಳು ಎನ್ನುವ ಚೀಸ್. ಉದ್ದ ಫೋರ್ಕಿಗೆ ಬ್ರೆಡ್ಡಿನ ತುಂಡು ಚುಚ್ಚಿ, ಅದ್ದಿ, ಎಳೆ ಕಡಿಯುವಂತೆ ತಿರುವಿ ಬಾಯಿಗಿಡುತ್ತಾರೆ. ಇದೇ ಫಾಂಡ್ಯೂ.

ಬೆಟ್ಟದ ದನಗಾಹಿಗಳು ಒಣ ಬ್ರೆಡ್ಡು ಮೆತ್ತಗಾಗಲೆಂದು ಇದನ್ನು ಕಂಡುಕೊಂಡರು ಎಂಬ ಕಥೆ ಪ್ರಚಲಿತ. ಆದರೆ ಚೀಸನ್ನು ವೈನಿನಲ್ಲಿ ಬೇಯಿಸುವ 1699ರ ವಿಧಾನ ಸಿಕ್ಕಿರುವುದು ಜ್ಯೂರಿಕ್ ಪಟ್ಟಣದ ಅಡುಗೆ ಪುಸ್ತಕವೊಂದರಲ್ಲಿ. ಮೇಲಾಗಿ ಗ್ರುಯೇರ್‌ನಂಥ ಚೀಸ್ ಆಗ ಬೆಲೆಬಾಳುವ ಮಾರಾಟದ ಸರಕು, ದನಗಾಹಿಗಳ ನಿತ್ಯದ ಊಟವಲ್ಲ.

ಫಾಂಡ್ಯೂ ದೇಶಕ್ಕೆಲ್ಲ ಹಬ್ಬಿದ್ದರ ಹಿಂದೆ 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಒಕ್ಕೂಟವಿದೆ. ಚೀಸಿನ ಬಳಕೆ ಹೆಚ್ಚಲೆಂದು ಅದು 1930ರ ದಶಕದಲ್ಲಿ ಫಾಂಡ್ಯೂವನ್ನು ರಾಷ್ಟ್ರೀಯ ಖಾದ್ಯವೆಂದು ಸಾರಿತು. ಹಾಗೆಂದು ಇದನ್ನು ಬರೀ ಜಾಹೀರಾತಿನ ಕೂಸು ಎನ್ನುವುದು ಅನ್ಯಾಯ. ಒಕ್ಕೂಟ 1999ರಲ್ಲಿ ಮುಚ್ಚಿದ ಮೇಲೂ ಜನ ಪಾತ್ರೆಯ ಸುತ್ತ ಕೂರುವುದನ್ನು ಬಿಟ್ಟಿಲ್ಲ.

ಫ್ರಿಬೋರ್ಗ್ ಕಡೆ ಗ್ರುಯೇರ್ ಮತ್ತು ವಶ್ರಾಂ ಚೀಸುಗಳನ್ನು ಸಮಸಮ ಬೆರೆಸುತ್ತಾರೆ. ಗಂಟು ಕಟ್ಟದಂತೆ ಕಾಯುವುದು ವೈನಿನ ಹುಳಿ. ಬ್ರೆಡ್ಡನ್ನು ಪಾತ್ರೆಯೊಳಗೆ ಬೀಳಿಸಿದವರಿಗೆ ತಮಾಷೆಯ ದಂಡ ಉಂಟು. ಎಲ್ಲಕ್ಕಿಂತ ಸೊಗಸು ಮಾತ್ರ ಕೊನೆಗೆ: ತಳ ಹಿಡಿದು ಕೆಂಪಗೆ ಗರಿಗರಿಯಾದ ಪದರ. ಅದಕ್ಕೆ ‘ರೆಲಿಜಿಯೂಸ್’, ಅಂದರೆ ಸನ್ಯಾಸಿನಿ, ಎಂಬ ಹೆಸರು. ಅದನ್ನು ಮೆಲ್ಲಗೆ ಎಬ್ಬಿಸಿ, ಮುರಿದು, ಕೂತವರೆಲ್ಲ ಹಂಚಿಕೊಳ್ಳುತ್ತಾರೆ.