ದಾಂಡೇಲಿಗೆ ಶಿಫ್ಟ್ ಆಗೋ ಮುನ್ನ: ನಾಲ್ಕು ತಾಲ್ಲೂಕು, ಒಂದು ಪಹಣಿ ಪ್ರಶ್ನೆ

'ಬೆಂಗಳೂರು ಸಾಕಾಯ್ತು, ಕಾಡಿನ ಪಕ್ಕ ಎಲ್ಲಾದರೂ ಇರೋಣ' ಅನ್ನೋರ ಪಟ್ಟಿಯಲ್ಲಿ ದಾಂಡೇಲಿ ಹೆಸರು ಈಗ ಮಾಮೂಲಿ. ಕಾಳಿ ನದಿ, ಮಂಗಟ್ಟೆ ಹಕ್ಕಿ, ಪಕ್ಕದಲ್ಲೇ ಹುಲಿ ಸಂರಕ್ಷಿತ ಪ್ರದೇಶ. ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಇದ್ದರೆ ಸಾಕಲ್ವಾ?

ಸಾಕಾಗಲ್ಲ. ಉತ್ತರ ಕನ್ನಡದ ಈ ಭಾಗದಲ್ಲಿ ಯಾರು ಬರಬಹುದು, ಯಾರು ಉಳಿಯಬಹುದು, ಯಾರು ಎದ್ದು ಹೋಗಬೇಕು ಅನ್ನೋದನ್ನು ಬಹಳ ಹಿಂದಿನಿಂದಲೂ ಜಮೀನಿನ ಕಾಗದವೇ ತೀರ್ಮಾನಿಸಿದೆ. ಹೊಸದಾಗಿ ಬರೋರು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಅದನ್ನೇ.

ನಾಲ್ಕು ಊರು, ನಾಲ್ಕು ಸ್ವಭಾವ

ದಾಂಡೇಲಿ ಕಾರ್ಖಾನೆ ಊರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸುತ್ತ ಬೆಳೆದ ಪಟ್ಟಣ. ಕೆಲಸ ಹುಡುಕಿಕೊಂಡು ಬಂದವರಿಂದಲೇ ತುಂಬಿದ ಊರಾದ್ದರಿಂದ ಇಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲವೂ ಕೇಳಿಸುತ್ತವೆ. ಮೊದಲು ಹಳಿಯಾಳ ತಾಲ್ಲೂಕಿನಲ್ಲಿತ್ತು, ಈಗ ಪ್ರತ್ಯೇಕ ತಾಲ್ಲೂಕು.

ಹಳಿಯಾಳ ಮತ್ತು ಮುಂಡಗೋಡ ಅರೆಮಲೆನಾಡು. ಭತ್ತ, ಕಬ್ಬು, ಗೋವಿನಜೋಳದ ಸೀಮೆ. ಹಳಿಯಾಳಕ್ಕೆ ಧಾರವಾಡ ಹತ್ತಿರ, ಮುಂಡಗೋಡಕ್ಕೆ ಹುಬ್ಬಳ್ಳಿ ಹತ್ತಿರ. ಜೋಯಿಡಾ ಹಾಗಲ್ಲ. ದಟ್ಟ ಕಾಡು, ಜೋರು ಮಳೆ, ದೂರ ದೂರ ಚದುರಿದ ಹಳ್ಳಿಗಳು. ಕುಣಬಿಗಳು ಹೆಚ್ಚಾಗಿರುವ ತಾಲ್ಲೂಕು ಇದು; ಇಲ್ಲಿನ ಗೆಡ್ಡೆ-ಗೆಣಸು ಮೇಳದ ಬಗ್ಗೆ ನೀವು ಕೇಳಿರಬಹುದು.

ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾಗಿದ್ದು 1956ರಲ್ಲಿ, ಅಣಶಿ ರಾಷ್ಟ್ರೀಯ ಉದ್ಯಾನ 1987ರಲ್ಲಿ. ಎರಡನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಲಾಯಿತು. 2015ರಲ್ಲಿ ಅದಕ್ಕೆ 'ಕಾಳಿ' ಎಂದು ಹೆಸರಿಟ್ಟರು.

ಮೊದಲು ಬಂದವರು, ಎದ್ದು ಹೋದವರು

ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರಾದ ಸಿದ್ದಿಗಳು ತಲೆಮಾರುಗಳಿಂದ ಈ ಕಾಡುಗಳಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಕುಣಬಿಗಳು ಅದೇ ಮಾನ್ಯತೆಗಾಗಿ ದಶಕಗಳಿಂದ ಹೋರಾಡುತ್ತಿದ್ದಾರೆ.

1966ರಲ್ಲಿ ಮುಂಡಗೋಡದ ಬಳಿ ಟಿಬೆಟಿಯನ್ ನಿರಾಶ್ರಿತರಿಗೆ ಸರ್ಕಾರ ಸುಮಾರು 4,000 ಎಕರೆ ಕೊಟ್ಟಿತು. ಗಾಂದೆನ್ ಮತ್ತು ದ್ರೆಪುಂಗ್ ಬೌದ್ಧವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. ಮನಸ್ಸು ಮಾಡಿದರೆ ನೆಲೆ ತಪ್ಪಿದವರಿಗೆ ಊರನ್ನೇ ಕಟ್ಟಿಕೊಡಲು ಸರ್ಕಾರಕ್ಕೆ ಆಗುತ್ತದೆ ಅನ್ನೋದಕ್ಕೆ ಇದು ಸಾಕ್ಷಿ.

ಇದರ ಇನ್ನೊಂದು ಮುಖ ಜೋಯಿಡಾದಲ್ಲಿದೆ. ಕಾಳಿಗೆ ಅಡ್ಡಲಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು. ಸೂಪಾ ಪಟ್ಟಣವೇ ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮನೆ ಕಳೆದುಕೊಂಡ ಅನೇಕರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ನದಿಯನ್ನು ಬಿಟ್ಟುಕೊಟ್ಟವರ ಆ ಊರು ಕುಡಿಯುವ ನೀರಿನ ಕೊರತೆಗಾಗಿ ಮತ್ತೆ ಮತ್ತೆ ಸುದ್ದಿಯಾಗಿದೆ.

ಈಗ ಹುಲಿಯ ಹೆಸರಿನ ಸ್ಥಳಾಂತರ. ಕಾಡಿನೊಳಗಿನ ಹಳ್ಳಿ ಬಿಟ್ಟು ಬರುವ ಕುಟುಂಬಕ್ಕೆ ಮೊದಲು 10 ಲಕ್ಷ ರೂಪಾಯಿ ಇತ್ತು, 2021ರಿಂದ 15 ಲಕ್ಷ. ಮಧ್ಯಮ ಹಂತದ ಐಟಿ ಉದ್ಯೋಗಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಕಾನೂನಿನ ಪ್ರಕಾರ ಈ ಸ್ಥಳಾಂತರ ಸ್ವಯಂಪ್ರೇರಿತವಾಗಿರಬೇಕು, ಗ್ರಾಮಸಭೆಯ ಒಪ್ಪಿಗೆಯೂ ಬೇಕು. ಆದರೆ ರಸ್ತೆ, ಕರೆಂಟು, ಶಾಲೆಗಾಗಿ ವರ್ಷಗಟ್ಟಲೆ ಕಾದು ಸುಸ್ತಾದವರು 'ಹೂಂ' ಅಂದರೆ ಅದನ್ನು ಸ್ವಂತ ಇಚ್ಛೆ ಅನ್ನೋಣವೇ?

ಜಮೀನು ಕೊಳ್ಳೋ ಮುನ್ನ

2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಲಾಯಿತು. ಅಂದರೆ, ಕೃಷಿಕರಲ್ಲದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ನಗರದಿಂದ ಬರೋರಿಗೆ ಬಾಗಿಲು ತೆರೆದಿದ್ದು ಇದೇ.

ಆದರೆ ಉತ್ತರ ಕನ್ನಡದಲ್ಲಿ ಅರಣ್ಯವೇ ಹೆಚ್ಚು, ಖಾಸಗಿ ಜಮೀನು ಕಡಿಮೆ. 'ಸಸ್ತಾ ಜಾಗ ಐತ್ರೀ' ಅಂತ ಯಾರಾದರೂ ಅಂದರೆ ಈ ಮೂರನ್ನು ಪರೀಕ್ಷಿಸಿ:

- ಅತಿಕ್ರಮಣ ಜಾಗ: ಅರಣ್ಯ ಭೂಮಿಯಲ್ಲಿ ಸಾಗುವಳಿ ಮಾಡುತ್ತಿರುವವರು ಜಿಲ್ಲೆಯಲ್ಲಿ ಬಹಳ ಜನ. ಅವರ ಬಳಿ ಮಾರಲು ಹಕ್ಕುಪತ್ರವಿಲ್ಲ. ಬಾಂಡ್ ಪೇಪರ್ ಮೇಲೆ ಬರೆಸಿಕೊಂಡರೆ ನಿಮ್ಮ ದುಡ್ಡೂ ಹೋಯ್ತು, ಅವರ ಅರ್ಜಿಯೂ ಹಾಳಾಯ್ತು.
- ಅರಣ್ಯ ಹಕ್ಕು ಪತ್ರದ ಜಮೀನು: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಭೂಮಿ ಮಕ್ಕಳಿಗೆ ಹೋಗಬಹುದು. ಮಾರಲು, ಬೇರೆಯವರಿಗೆ ವರ್ಗಾಯಿಸಲು ಅವಕಾಶವಿಲ್ಲ.
- ಬೆಟ್ಟ: ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಅರಣ್ಯ. ಅದು ಸೌಲಭ್ಯ, ಒಡೆತನವಲ್ಲ.

ಪಹಣಿ, ಸರ್ವೆ ನಕ್ಷೆ, ಋಣಭಾರ ಪ್ರಮಾಣಪತ್ರ ಮೂರನ್ನೂ ತೆಗೆಸಿ. ಮನೆ ಕಟ್ಟೋದಾದರೆ ಎನ್‌ಎ ಆಗಿದೆಯಾ ಕೇಳಿ. ಅರಣ್ಯದ ಗಡಿ ಎಲ್ಲಿದೆ ಅನ್ನೋದನ್ನು ದಲ್ಲಾಳಿ ಬಾಯಲ್ಲಿ ಕೇಳಬೇಡಿ, ಇಲಾಖೆಯಿಂದ ತಿಳಿದುಕೊಳ್ಳಿ.

ಇಲ್ಲಿನ ವೈರುಧ್ಯ ಗಮನಿಸಿ. ಅರಣ್ಯ ಹಕ್ಕು ಕಾಯ್ದೆಯಡಿ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಪರಿಶಿಷ್ಟ ಪಂಗಡಕ್ಕೆ ಈ ಷರತ್ತಿಲ್ಲ. ಕುಣಬಿಗಳ ಬೇಡಿಕೆ ಬರೀ ಮೀಸಲಾತಿಯದ್ದಲ್ಲ, ನೆಲದ್ದೂ ಹೌದು ಅನ್ನೋದು ಇದಕ್ಕೇ. ಅಜ್ಜನ ಕಾಲದಿಂದ ಗದ್ದೆ ಮಾಡಿದವರು 75 ವರ್ಷದ ಪುರಾವೆ ಹುಡುಕುತ್ತಿದ್ದಾರೆ. ನಿನ್ನೆ ಬಂದ ನಮಗೆ ಬ್ಯಾಂಕ್ ಬ್ಯಾಲೆನ್ಸ್ ಸಾಕು.

ದಿನನಿತ್ಯದ ಬದುಕು

ಆಸ್ಪತ್ರೆ ದೊಡ್ಡ ಪ್ರಶ್ನೆ. ತುರ್ತು ಚಿಕಿತ್ಸೆಗೆ ದಾಂಡೇಲಿಯವರು ಸುಮಾರು 55 ಕಿಲೋಮೀಟರ್ ದೂರದ ಧಾರವಾಡಕ್ಕೋ, ಇನ್ನೂ ಮುಂದೆ ಹುಬ್ಬಳ್ಳಿಗೋ ಓಡಬೇಕು. ಜೋಯಿಡಾದ ಒಳಹಳ್ಳಿಗಳಿಂದ ಲೆಕ್ಕ ಹಾಕಿ ನೋಡಿ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಯುವಜನರು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದರು. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಪೇಟೆ ಬಿಟ್ಟು ದೂರ ಮನೆ ಮಾಡಬೇಡಿ.

ನೆಟ್‌ವರ್ಕ್ ಒಂದು ತಿರುವಿನಲ್ಲಿ ಇದ್ದರೆ ಮುಂದಿನ ತಿರುವಿನಲ್ಲಿ ಇರಲ್ಲ. ಜಾಗ ನೋಡಲು ಬೇಸಿಗೆಯಲ್ಲಿ ಅಲ್ಲ, ಜುಲೈನಲ್ಲಿ ಹೋಗಿ. ಮೊದಲ ವರ್ಷ ಬಾಡಿಗೆಗೆ ಇರೋದು ಜಾಣತನ. ಇನ್ನೊಂದು ಮಾತು: ದಾಂಡೇಲಿ ಪೇಟೆ ಪಕ್ಕದ ಕಾಳಿಯಲ್ಲಿ ಮೊಸಳೆಗಳಿವೆ, ಕಂಡಕಂಡಲ್ಲಿ ನೀರಿಗಿಳಿಯಬೇಡಿ.

ವೋಟು ಎಲ್ಲಿ?

ದಾಂಡೇಲಿ, ಹಳಿಯಾಳ, ಜೋಯಿಡಾ ಹಳಿಯಾಳ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತವೆ, ಮುಂಡಗೋಡ ಯಲ್ಲಾಪುರ ಕ್ಷೇತ್ರಕ್ಕೆ. ನಿಜವಾಗಿ ನೆಲೆಸುವುದಾದರೆ ವೋಟರ್ ಐಡಿಯ ವಿಳಾಸ ಬದಲಿಸಿ, ಗ್ರಾಮಸಭೆಗೆ ಹೋಗಿ. ಅರಣ್ಯ ಹಕ್ಕಿನ ಅರ್ಜಿಯಾಗಲಿ, ಸ್ಥಳಾಂತರದ ಒಪ್ಪಿಗೆಯಾಗಲಿ ಬರೋದು ಆ ಸಭೆಗೇ. ಅರ್ಜಿ ಓದಿ ಹೇಳಲು, ಕಾಯ್ದೆ ಹುಡುಕಿ ಕೊಡಲು, ಮಾಹಿತಿ ಹಕ್ಕಿನಡಿ ಪ್ರಶ್ನೆ ಬರೆಯಲು ಅಲ್ಲಿ ಜನ ಬೇಕು. ಅಲ್ಲಿ ಮಾತಾಡೋದಕ್ಕಿಂತ ಮೊದಲು ಒಂದೆರಡು ಸಭೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.