ಬೇತಾಳನ ಕೊನೆಯ ಪ್ರಶ್ನೆ

ಬೇತಾಳನ ಕೊನೆಯ ಪ್ರಶ್ನೆ ಎಂಬುದು ಸಂಸ್ಕೃತದ 'ವೇತಾಲಪಂಚವಿಂಶತಿ' ಕಥಾಮಾಲೆಯ ಅಂತಿಮ ಒಗಟು. ತಂದೆಯು ಮಗಳನ್ನೂ ಅವನ ಮಗನು ಆ ಮಗಳ ತಾಯಿಯನ್ನೂ ಮದುವೆಯಾದರೆ, ಈ ಎರಡು ದಾಂಪತ್ಯಗಳಲ್ಲಿ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು ಎಂಬುದೇ ಆ ಪ್ರಶ್ನೆ. ಕಾಶ್ಮೀರದ ಸೋಮದೇವನು 11ನೆಯ ಶತಮಾನದಲ್ಲಿ ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಇದು 24ನೆಯ ಕಥೆಯಾಗಿ ಬರುತ್ತದೆ.

ಕಥಾಸಾರ

ದಾಯಾದಿಗಳಿಂದ ರಾಜ್ಯ ಕಳೆದುಕೊಂಡ ಧರ್ಮನೆಂಬ ಅರಸನು ಪತ್ನಿ ಚಂದ್ರವತಿ ಹಾಗೂ ಮಗಳು ಲಾವಣ್ಯವತಿಯೊಡನೆ ಪಲಾಯನ ಮಾಡುವಾಗ ಕಾಡಿನಲ್ಲಿ ಭಿಲ್ಲರಿಂದ ಹತನಾಗುತ್ತಾನೆ. ಬೇಟೆಗೆ ಬಂದ ಚಂಡಸಿಂಹ ಮತ್ತು ಅವನ ಮಗ ಸಿಂಹಪರಾಕ್ರಮ ತಪ್ಪಿಸಿಕೊಂಡ ಸ್ತ್ರೀಯರಿಬ್ಬರ ಹೆಜ್ಜೆಗುರುತುಗಳನ್ನು ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಂದೆಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಎಂದು ಮೊದಲೇ ಮಾತಾಗುತ್ತದೆ. ಆದರೆ ದೊಡ್ಡ ಪಾದ ಮಗಳದಾಗಿತ್ತು. ಕೊಟ್ಟ ಮಾತಿನಂತೆ ಚಂಡಸಿಂಹನು ಲಾವಣ್ಯವತಿಯನ್ನೂ ಸಿಂಹಪರಾಕ್ರಮನು ಚಂದ್ರವತಿಯನ್ನೂ ವರಿಸುತ್ತಾರೆ.

ಅದುವರೆಗೆ ಪ್ರತಿ ಸಲವೂ ಉತ್ತರ ಹೇಳಿ ಮೌನ ಮುರಿದು ಬೇತಾಳನನ್ನು ಕಳೆದುಕೊಳ್ಳುತ್ತಿದ್ದ ತ್ರಿವಿಕ್ರಮಸೇನನಿಗೆ ಇಲ್ಲಿ ಉತ್ತರ ಹೊಳೆಯುವುದಿಲ್ಲ. ಅವನು ಸುಮ್ಮನೆ ನಡೆಯುತ್ತಾನೆ. ಆ ಮೌನವೇ ಅವನನ್ನು ಗೆಲ್ಲಿಸುತ್ತದೆ: ಸಂತುಷ್ಟನಾದ ಬೇತಾಳನು ಭಿಕ್ಷು ಕ್ಷಾಂತಿಶೀಲನ ಸಂಚನ್ನು ತಿಳಿಸಿ ರಾಜನ ಪ್ರಾಣ ಉಳಿಸುತ್ತಾನೆ.

ಸಂಬಂಧಗಳ ಸ್ವರೂಪ

ಮದುವೆಗಳಾದ ಕೂಡಲೇ ಲಾವಣ್ಯವತಿಯು ಸಿಂಹಪರಾಕ್ರಮನಿಗೆ ಮಲತಾಯಿಯಾಗುತ್ತಾಳೆ. ಅವನೋ ಅವಳಿಗೆ ಮಲತಂದೆ. ಹೆತ್ತ ತಾಯಿಯೇ ಮಗಳಿಗೆ ಸೊಸೆ. ಚಂಡಸಿಂಹನಿಗೆ ಚಂದ್ರವತಿ ಅತ್ತೆಯೂ ಹೌದು, ಸೊಸೆಯೂ ಹೌದು. ಸ್ವಂತ ಮಗನೇ ಅವನಿಗೆ ಮಾವ.

ರಾಜನಿಗೆ ಹೊಳೆಯದ ಉತ್ತರವನ್ನು ಕನ್ನಡದ ನೆಂಟಸ್ತಿಕೆಯ ಪದಗಳಲ್ಲಿ ಹೇಳಲು ಸಾಧ್ಯವಿದೆ. ಎರಡೂ ಕಡೆ ಗಂಡುಮಕ್ಕಳೇ ಹುಟ್ಟಿದರೆಂದು ಇಟ್ಟುಕೊಳ್ಳೋಣ. ಚಂಡಸಿಂಹನ ಮಗನು ಸಿಂಹಪರಾಕ್ರಮನ ತಮ್ಮನಾದುದರಿಂದ ಅವನ ಮಗನಿಗೆ ಚಿಕ್ಕಪ್ಪ. ಸಿಂಹಪರಾಕ್ರಮನ ಮಗನು ಲಾವಣ್ಯವತಿಗೆ ತಾಯಿಯ ಕಡೆಯ ತಮ್ಮನಾದುದರಿಂದ ಅವಳ ಮಗನಿಗೆ ಸೋದರಮಾವ. ಹೀಗೆ ಒಬ್ಬನು ಚಿಕ್ಕಪ್ಪನಾದರೆ ಇನ್ನೊಬ್ಬನು ಸೋದರಮಾವ. ಇಬ್ಬರೂ ಒಬ್ಬರಿಗೊಬ್ಬರು ಹಿರಿಯರು. ಈ ಎರಡು ನಂಟುಗಳಿಗೂ ಒಂದೇ ಪದ ಬಳಸುವ ಇಂಗ್ಲಿಷಿನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ರಕ್ತಸಂಬಂಧದ ಲೆಕ್ಕದಲ್ಲಿ ಇವರ ನಡುವಿನ ಸಾಮ್ಯ ಸರಾಸರಿ ನಾಲ್ಕನೇ ಒಂದು ಭಾಗ, ಅಂದರೆ ಒಬ್ಬನೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಮಕ್ಕಳಷ್ಟೇ.

ನಿಜವಾದ ತೊಡಕು ಇರುವುದು ಹೆಸರಿನಲ್ಲಲ್ಲ, ಮುಂದಿನ ತಲೆಮಾರಿನ ಮದುವೆಯಲ್ಲಿ. ಚಂಡಸಿಂಹನಿಗೆ ಹೆಣ್ಣುಮಗು, ಸಿಂಹಪರಾಕ್ರಮನಿಗೆ ಗಂಡುಮಗು ಹುಟ್ಟಿದರೆ ಆಕೆ ಆ ಹುಡುಗನಿಗೆ ಅಕ್ಕನ ಮಗಳು. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ರೂಢಿ. ಆದರೆ ಆಕೆಯೇ ಅವನ ತಂದೆಯ ತಂಗಿ, ಅಂದರೆ ಸೋದರತ್ತೆ. ಆ ನಂಟಿನಲ್ಲಿ ಮದುವೆಯ ಮಾತೇ ಇಲ್ಲ. ತಾಯಿಯ ಕಡೆಯಿಂದ ತೆರೆದ ಬಾಗಿಲು ತಂದೆಯ ಕಡೆಯಿಂದ ಮುಚ್ಚುತ್ತದೆ. ಗಂಡು ಹೆಣ್ಣು ಅದಲುಬದಲಾದರೆ ಇಬ್ಬರೂ ಚಿಕ್ಕಪ್ಪ, ಚಿಕ್ಕಮ್ಮ ಆಗುವುದರಿಂದ ಆ ಒಂದು ಬಾಗಿಲೂ ಇರುವುದಿಲ್ಲ.

ಕಾನೂನಿನ ದೃಷ್ಟಿ

1955ರ ಹಿಂದೂ ವಿವಾಹ ಕಾಯ್ದೆಯು ನಿಷೇಧಿತ ಸಂಬಂಧಗಳನ್ನು ಪಟ್ಟಿ ಮಾಡಿದೆ. ತಂದೆಯ ಹೆಂಡತಿ, ಮಗನ ಹೆಂಡತಿ ಅದರಲ್ಲಿದ್ದಾರೆ. ಮಲತಾಯಿಯ ತಾಯಿಯಾಗಲಿ ಸೊಸೆಯ ಮಗಳಾಗಲಿ ಇಲ್ಲ. ಚಂಡಸಿಂಹನ ಮನೆಯ ಮದುವೆಗಳು ಆ ಪಟ್ಟಿಗೆ ಸಿಕ್ಕುವುದಿಲ್ಲವೆಂಬುದು ಕುತೂಹಲಕರ. ಅವರ ಮಕ್ಕಳ ನಡುವಣ ಮದುವೆ ಮಾತ್ರ ಸಿಕ್ಕುತ್ತದೆ, ಏಕೆಂದರೆ ಕಾಯ್ದೆಯು ಒಂದೇ ತಂದೆಯ ಅಥವಾ ಒಂದೇ ತಾಯಿಯ ಸಂಬಂಧವನ್ನೂ ರಕ್ತಸಂಬಂಧವೆಂದೇ ಎಣಿಸುತ್ತದೆ. ರೂಢಿಗೆ ಅದು ವಿನಾಯಿತಿ ನೀಡಿದೆ.

ಇತರೆಡೆ

1947ರಲ್ಲಿ ಅಮೆರಿಕದ ಡ್ವೈಟ್ ಲೇಥಮ್ ಮತ್ತು ಮೋ ಜ್ಯಾಫಿ ರಚಿಸಿದ 'ಐಯಾಮ್ ಮೈ ಓನ್ ಗ್ರ್ಯಾಂಡ್‌ಪಾ' ಎಂಬ ಹಾಸ್ಯಗೀತೆಯ ಕಟ್ಟೂ ಇದೇ. ಅಲ್ಲಿ ನಿರೂಪಕನು ವಿಧವೆಯನ್ನೂ ಅವನ ತಂದೆಯು ಆಕೆಯ ಮಗಳನ್ನೂ ಮದುವೆಯಾಗುತ್ತಾರೆ. ಹೆಂಡತಿಯು ಮಲತಾಯಿಯ ತಾಯಿಯಾದುದರಿಂದ ನಿರೂಪಕನಿಗೆ ಅಜ್ಜಿಯಾಗುತ್ತಾಳೆ. ಅಜ್ಜಿಯ ಗಂಡನಾದ ಅವನು ತನಗೆ ತಾನೇ ಅಜ್ಜನಾಗುತ್ತಾನೆ. ಸಿಂಹಪರಾಕ್ರಮನ ಸ್ಥಿತಿಯೂ ಅದೇ ಆಗಿತ್ತು. ಬೇತಾಳನು ಅದನ್ನು ಕೇಳಲಿಲ್ಲವಷ್ಟೆ.